ಪ್ಯಾಕೆಟ್ ತಿರುಗಿಸಿದ ಟೈಲರಮ್ಮ

ಟೈಲರಮ್ಮನ ಬಲ ಮೊಣಕಾಲು ಮತ್ತೆ ಊದಿಕೊಂಡಿತ್ತು. ದಿನಕ್ಕೆ ಒಂಬತ್ತು ಗಂಟೆ ಹೊಲಿಗೆ ಮಷಿನ್ನಿನ ಪೆಡಲು ತುಳಿದರೆ ಇನ್ನೇನಾದೀತು? ಮಷಿನ್ನಿಗೊಂದು ಪುಟ್ಟ ಮೋಟಾರು ಕೂಡಿಸಿ ಎಂದು ಡಾಕ್ಟರೂ ಹೇಳಿದ್ದರು, ರಿಪೇರಿಯವನೂ ಹೇಳಿದ್ದ. "ಮುಂದಿನ ತಿಂಗಳು ನೋಡೋಣ" ಎಂದು ಗಂಡನೂ ಹೇಳಿದ್ದ. ಆ ಮುಂದಿನ ತಿಂಗಳು ಬರಲೇ ಇಲ್ಲ, ಒಂದೂವರೆ ವರ್ಷವಾಯಿತು. ಇನ್ನು ಆರು ತಿಂಗಳಿಗೆ ಶಾಲೆ ತೆರೆಯುತ್ತದೆ. ಯೂನಿಫಾರಂ ಬಟ್ಟೆ ರಾಶಿ ರಾಶಿ ಬರುತ್ತದೆ. ಈ ಕಾಲಿನಲ್ಲಿ ಅರ್ಧವೂ ಮುಗಿಯದು. ಮುಗಿಸದಿದ್ದರೆ ಆ ಕೆಲಸ ಕೈತಪ್ಪಿದ ಹಾಗೆಯೇ.

ಅಂಥ ಮನೆಗೆ ತಿಂಗಳ ಮೊದಲ ಭಾನುವಾರ ದೊಡ್ಡ ಅಂಗಡಿಯಿಂದ ಬರುವ ಚೀಲ ನೋಡಬೇಕು! ಚಹಾಪುಡಿ, ಉಪ್ಪು, ಸಕ್ಕರೆ, ಹಿಟ್ಟು, ಬಿಸ್ಕತ್ತು, ಪಾತ್ರೆ ಸೋಪು, ಎಲ್ಲವೂ ಟಿವಿಯಲ್ಲಿ ಕುಣಿಯುವಂಥವೇ.

ಎದುರುಮನೆಯ ಅಕ್ಕ ದಿನಸಿ ಪ್ಯಾಕಿಂಗ್ ಕಾರ್ಖಾನೆಯಲ್ಲಿ ಕೆಲಸದವಳು. ಕೋಟಿನ ಹರಿದ ಜೇಬು ಹೊಲಿಸಲು ಬಂದವಳ ಕಣ್ಣು ಆ ಚೀಲದ ಮೇಲೆ ಬಿತ್ತು.

"ಏನೇ, ಇವತ್ತೂ ಕಾಲಿಗೆ ಬಿಸಿನೀರ ಶಾಖನಾ?"

"ಮೋಟಾರಿಗೆ ದುಡ್ಡು ಉಳೀತಾ ಇಲ್ಲಕ್ಕಾ."

"ಹೇಗೆ ಉಳಿಯುತ್ತೆ? ನಿನ್ನ ಮೋಟಾರು ಈ ಚೀಲದೊಳಗೇ ಕೂತಿದೆಯಲ್ಲ! ಅಂಗಡಿಯವರದೇ ಹೆಸರಿನ ಪ್ಯಾಕೆಟ್ ಕೆಳಗಿನ ಸಾಲಲ್ಲಿ ಇರುತ್ತೆ, ಒಂದ್ಸಲನಾದ್ರೂ ಮುಟ್ಟಿ ನೋಡಿದ್ದೀಯಾ?"

"ಅಯ್ಯೋ, ಅದಾ? ಅಷ್ಟು ಅಗ್ಗಕ್ಕೆ ಕೊಡ್ತಾರೆ ಅಂದ್ರೆ ಒಳಗೇನು ತುಂಬಿರ್ತಾರೋ!"

ಒಳಗಿನಿಂದ ಅತ್ತೆಯ ದನಿ ಬಂತು. "ನನ್ನ ನಾಲಿಗೆಗೆ ಎಪ್ಪತ್ತು ವರ್ಷ ಕಣಮ್ಮಾ. ಆ ಹಳದಿ ಪ್ಯಾಕೆಟ್ಟಿನ ಚಹಾ ಬಿಟ್ರೆ ಬೇರೇದು ಗಂಟಲಲ್ಲಿ ಇಳಿಯಲ್ಲ."

ಅಕ್ಕ ಜಗಳಕ್ಕೆ ಹೋಗಲಿಲ್ಲ. ಮೇಜಿನ ಮೇಲೆ ಬಿಳಿ ಅಂಗಿಗಳ ಎರಡು ರಾಶಿಯಿತ್ತು. ಅದನ್ನೇ ತೋರಿಸಿದಳು.

"ಇದ್ಯಾಕೆ ಎರಡು ಕಡೆ?"

"ಇವು ದೊಡ್ಡ ಶೋರೂಮಿಗೆ. ಅವರ ಹೆಸರಿನ ಪಟ್ಟಿ ಕಾಲರಿಗೆ ಹೊಲೀಬೇಕು. ಅವು ಬೀದಿ ಕೊನೆ ಅಂಗಡಿಗೆ, ಪಟ್ಟಿ ಇಲ್ಲ."

"ಬಟ್ಟೆ ಬೇರೇನಾ?"

"ಒಂದೇ ಥಾನು."

"ದಾರ?"

"ಒಂದೇ ಉಂಡೆ."

"ಹೊಲಿದೋಳು?"

"ನಾನೇ, ಇನ್ಯಾರು?"

"ಮತ್ತೆ ರೇಟು?"

ಟೈಲರಮ್ಮನ ಸೂಜಿ ನಿಂತಿತು. "ಶೋರೂಮಲ್ಲಿ... ಎರಡರಷ್ಟು."

"ಹೆಸರಿನ ಪಟ್ಟಿ ಹೊಲಿಯೋಳೇ ಹೆಸರಿಗೆ ಮರುಳಾಗಿ ಕೂತಿದ್ದೀಯಲ್ಲೇ ತಾಯಿ!"

ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ಮೊದಲು ಅಕ್ಕನ ಮೇಲೆ, ಆಮೇಲೆ ತನ್ನ ಮೇಲೆ, ಕೊನೆಗೆ ಟಿವಿಯಲ್ಲಿ ಲೋಟ ಹಿಡಿದು ಹಲ್ಲು ಕಿರಿಯುವ ಆ ನಟನ ಮೇಲೆ. ಅವನ ನಗುವಿನ ಕೂಲಿಯನ್ನು ಇಷ್ಟು ದಿನ ಕೊಟ್ಟದ್ದು ಯಾರು? ಈ ಮೊಣಕಾಲು!

"ಇನ್ಮೇಲೆ ಎಲ್ಲಾ ಅಗ್ಗದ್ದೇ ತರ್ತೀನಿ, ನೋಡು!"

"ಹಾಗೂ ಮಾಡ್ಬೇಡ ಕಣೇ. ಕೆಲವು ಎರಡು ಹೆಸರಲ್ಲೂ ಒಂದೇ ಮಾಲು, ಕೆಲವು ಅಲ್ಲ. ಅಗ್ಗದ್ರಲ್ಲೂ ಮೋಸ ಇರುತ್ತೆ, ದುಬಾರೀಲೂ ಇರುತ್ತೆ. ಪ್ಯಾಕೆಟ್ಟಿನ ಮುಂದುಗಡೆ ಬರೀ ಬಣ್ಣ. ತಿರುಗಿಸಿ ಹಿಂದುಗಡೆ ಓದು. ಏನೇನು ಹಾಕಿದ್ದಾರೆ, ತೂಕ ಎಷ್ಟು, ಎಷ್ಟು ದಿನ ಬಾಳುತ್ತೆ. ಮೊದಲು ಚಿಕ್ಕದು ತಂದು ಪರೀಕ್ಷೆ ಮಾಡು."

ಮುಂದಿನ ತಿಂಗಳು ಅಂಗಡಿಯಲ್ಲಿ ಟೈಲರಮ್ಮ ಕಣ್ಣೆತ್ತಿ ನೋಡಿದಳು. ದುಬಾರಿಯದೆಲ್ಲ ಕಣ್ಣಿನ ಎತ್ತರಕ್ಕೆ, ಅಗ್ಗದ್ದು ನೆಲದ ಹತ್ತಿರ. ಯಾರೂ ಬಗ್ಗಿ ನೋಡಬಾರದೆಂದೇ ಇಟ್ಟ ಹಾಗೆ! ಹಲ್ಲು ಕಚ್ಚಿ, ಊದಿದ ಕಾಲು ಚಾಚಿಕೊಂಡು ನೆಲಕ್ಕೇ ಕೂತಳು. ಎರಡು ಉಪ್ಪಿನ ಹಿಂಬದಿ ಓದಿದಳು: ಅದೇ ಅಯೋಡಿನ್, ಅದೇ ತೂಕ. ಸಕ್ಕರೆ, ಹಿಟ್ಟಿಗೂ ಅದೇ ಮಾತು. ಬಿಸ್ಕತ್ತು ಮಾತ್ರ ಹಾಗಲ್ಲ. ಅಂಗಡಿಯವರ ಪ್ಯಾಕೆಟ್ ದೊಡ್ಡದು, ತೂಕ ಮಾತ್ರ ಕಡಿಮೆ. ತೂಕಕ್ಕೆ ಬೆಲೆ ಹಾಕಿದರೆ ಅದೇ ದುಬಾರಿ.

"ಹೊಟ್ಟೆ ತುಂಬ ಗಾಳಿ, ಮೇಲೆ ಜಂಬ" ಎಂದು ಬೈದು ವಾಪಸ್ಸಿಟ್ಟಳು.

ಇನ್ನು ಉಳಿದದ್ದು ಅತ್ತೆಯ ನಾಲಿಗೆ.

ಅಂದು ಸಂಜೆ ಎರಡು ಲೋಟ ಚಹಾ ಇಟ್ಟಳು. ಒಂದಕ್ಕೆ ಕೆಂಪು ದಾರ, ಒಂದಕ್ಕೆ ನೀಲಿ ದಾರ ಸುತ್ತಿದಳು. ಎದುರುಮನೆಯ ಅಕ್ಕ ಸಾಕ್ಷಿ. ಬಸ್ಸು ಓಡಿಸಿ ದಣಿದು ಬಂದಿದ್ದ ಗಂಡನೂ ಬಾಗಿಲಿಗೆ ಒರಗಿ ನಿಂತ.

ಅತ್ತೆ ಕೆಂಪು ದಾರದ್ದನ್ನು ಕುಡಿದು ಮುಖ ಕಿವುಚಿದರು. "ಥೂ! ನೀರಿಗೆ ಬಣ್ಣ ಬಳಿದ ಹಾಗಿದೆ. ಇದೇ ತಾನೆ ನಿಮ್ಮ ಅಗ್ಗದ್ದು?" ನೀಲಿ ದಾರದ್ದನ್ನು ಗುಟುಕು ಗುಟುಕಾಗಿ ಕುಡಿದು, ತಳ ಕಾಣಿಸಿ, ಲೋಟ ಎತ್ತಿ ಹಿಡಿದರು. "ಇದಪ್ಪಾ ಚಹಾ ಅಂದ್ರೆ! ಇದು ನಮ್ಮ ಹಳದಿ ಪ್ಯಾಕೆಟ್ಟಿಂದು. ನನ್ನ ನಾಲಿಗೆಗೆ ಮೋಸ ಮಾಡೋಕಾಗುತ್ತಾ?"

ಟೈಲರಮ್ಮ ಎರಡು ಪ್ಯಾಕೆಟ್ ತಂದಿಟ್ಟಳು. ಎರಡಕ್ಕೂ ಮೊದಲೇ ದಾರ ಕಟ್ಟಿದ್ದಳು. ಹಳದಿಯದಕ್ಕೆ ಕೆಂಪು. ಅಂಗಡಿಯವರದಕ್ಕೆ ನೀಲಿ.

ಮೊದಲು ನಕ್ಕವನು ಬಾಗಿಲಲ್ಲಿ ನಿಂತಿದ್ದ ಗಂಡ. ಅತ್ತೆ ಅವನನ್ನು ದುರುಗುಟ್ಟಿ ನೋಡಿದರು.

"ಯಾಕೋ ಕಿಸೀತೀಯ? ನಾಲಿಗೆ ಸರಿಯಾಗೇ ಹೇಳಿದೆ. ದಾರಿ ತಪ್ಪಿದ್ದು ಕಣ್ಣು!" ಎಂದು ಲೋಟ ಸೊಸೆಯ ಮುಂದೆ ಹಿಡಿದರು. "ಇನ್ನರ್ಧ ಲೋಟ ಹಾಕಮ್ಮಾ, ನೀಲೀದು."

ಪಾತ್ರೆ ಸೋಪಿನಲ್ಲಿ ಅಂಗಡಿಯವರದು ಸೋತಿತು. ಜಿಡ್ಡು ಬಿಡಲಿಲ್ಲ, ಎರಡರಷ್ಟು ಕರಗಿತು. ನಾಚಿಕೊಳ್ಳದೆ ಹಳೆಯದಕ್ಕೇ ಮರಳಿದರು. ಬಿಸ್ಕತ್ತು, ಸೋಪು ಬಿಟ್ಟು ಉಳಿದುದೆಲ್ಲ ಬದಲಾಯಿತು. ಉಳಿಸಿದ್ದು ಗುಂಡಿಗಳ ಡಬ್ಬಿಯ ತಳ ಸೇರುತ್ತ ಹೋಯಿತು.

ಮೂರನೆಯ ತಿಂಗಳ ಕೊನೆಗೆ ರಿಪೇರಿಯವನು ಮೋಟಾರು ಕೂಡಿಸಿದ. ಮೊದಲ ಸಲ ಗೋಡೆಯ ಸ್ವಿಚ್ಚು ಒತ್ತಿ ಕರೆಂಟು ಕೊಟ್ಟವರು ಅತ್ತೆಯೇ. ಗುರ್ರೆಂದು ಮಷಿನ್ ಓಡಿತು. ಟೈಲರಮ್ಮನ ಬಲಗಾಲು ಸ್ಟೂಲಿನ ಮೇಲೆ ಆರಾಮಾಗಿ ಮಲಗಿತ್ತು, ಎಡಗಾಲು ನೆಲದ ಮೇಲಿನ ಮೋಟಾರಿನ ಕಾಲು-ಸ್ವಿಚ್ಚನ್ನು ಸುಮ್ಮನೆ ಅದುಮಿತು. ಆ ವರ್ಷ ಯೂನಿಫಾರಂ ಶಾಲೆ ತೆರೆಯುವ ನಾಲ್ಕು ದಿನ ಮೊದಲೇ ಮುಗಿಯಿತು, ಒಂದು ಗುಂಡಿಯೂ ಬಾಕಿಯಿಲ್ಲದೆ! ಬೀದಿಯ ಹೆಂಗಸರೆಲ್ಲ ಮೋಟಾರು ನೋಡಲು ಬಂದರು. ಬಂದವರ ಕೈಗೆ ಅತ್ತೆ ಮೊದಲು ಕೊಟ್ಟದ್ದು ನೀಲಿ ದಾರದ ಲೋಟ. ಆಮೇಲೆ ಕೊಟ್ಟದ್ದು ಭಾಷಣ.

ಅತ್ತೆಯ ಭಾಷಣ ಹಾಗಿರಲಿ, ಈ ಕತೆ ಓದಿದ ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಬೆವರಿನಲ್ಲಿ ಯಾರದೋ ಕುಣಿತಕ್ಕೆ ಕೂಲಿ ಕೊಟ್ಟದ್ದು ಸಾಕು. ಹೆಸರು ದೊಡ್ಡದೆಂದು ಕೊಳ್ಳಬೇಡಿ, ಬೆಲೆ ಚಿಕ್ಕದೆಂದೂ ಕೊಳ್ಳಬೇಡಿ. ಓದಲು ಬಾರದಿದ್ದರೆ ಬರುವವರ ಕೈಲಿ ಓದಿಸಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ನಿಮ್ಮ ಮನೆಯಲ್ಲೂ ಮುಂದಿನ ತಿಂಗಳು, ಮುಂದಿನ ತಿಂಗಳು ಎಂದು ಕಾಯುತ್ತಿರುವ ಒಂದು ಮೊಣಕಾಲು ಇದ್ದೇ ಇರುತ್ತದೆ. ಅದನ್ನು ನೆನೆದುಕೊಂಡು ಅಂಗಡಿಗೆ ಹೋಗಿ. ಕೆಳಗಿನ ಸಾಲಿಗೆ ಬಗ್ಗಿ. ಒಂದು ಪ್ಯಾಕೆಟ್ ತಿರುಗಿಸಿ.