ಸಾಯದ ಮಿಕ್ಸಿ

ರವೀಂದ್ರನಗರದ ಜಗದಾಂಬಮ್ಮನವರ ಮಿಕ್ಸಿಗೆ ಸಾವೇ ಇರಲಿಲ್ಲ. ಚಟ್ನಿ ರುಬ್ಬಲು ಹಾಕಿದರೆ ಬೀದಿಯ ನಾಯಿಗಳು ಎದ್ದು ಕೂರುವಂತೆ ಅರಚುತ್ತಿತ್ತು, ಸುಟ್ಟ ವಾಸನೆ ಬಿಡುತ್ತಿತ್ತು, ಪ್ರಾಣ ಮಾತ್ರ ಬಿಡುತ್ತಿರಲಿಲ್ಲ. ಕೆಟ್ಟಾಗಲೆಲ್ಲ ಗಂಡ ಷಣ್ಮುಖಪ್ಪನವರು ಅದನ್ನು ಸ್ಕೂಟರಿನಲ್ಲಿ ಭದ್ರಾವತಿಯ ಜನ್ನಾಪುರಕ್ಕೆ ಒಯ್ದು, ಪರಮೇಶನ ರಿಪೇರಿ ಅಂಗಡಿಯಿಂದ ಬದುಕಿಸಿಕೊಂಡು ಬರುತ್ತಿದ್ದರು. ಹೊಸದು ಕೇಳಿದರೆ ಒಂದೇ ಉತ್ತರ: "ಓಡ್ತಿದೆಯಲ್ಲ ಮಾರಾಯ್ತಿ."

ಈ ನಡುವೆ ಮಗಳು ಅಕ್ಷರಾ ಕಾಲೇಜಿನಲ್ಲಿ ಸ್ಪ್ಯಾನಿಷ್ ತಗೊಂಡಳು. ಅವಳಿಂದ ಪಾಠ ಒಪ್ಪಿಸಿಕೊಳ್ಳುತ್ತಾ ಅಮ್ಮನಿಗೂ ನಾಲ್ಕು ಪದ ಬಂತು. ಹಾಳು ಮಾಡುವುದಕ್ಕೇ ಆ ಭಾಷೆಯಲ್ಲಿ ಬೇಕಾದಷ್ಟು ಮಾತುಗಳಂತೆ.

"ಎಸ್ತ್ರೋಪೆಯಾರ್ ಅಂದ್ರೆ ಕೆಡಿಸೋದು. ರಿಪೇರಿ ಆಗಬಹುದು," ಎಂದಳು ಅಕ್ಷರಾ. "ದೆಸ್ತ್ರೋಸಾರ್ ಅಂದ್ರೆ ಚೂರು ಚೂರು ಮಾಡೋದು. ಆಮೇಲೆ ಗುಡಿಸೋದೊಂದೇ ಕೆಲಸ."

"ಹಂಗಾದ್ರೆ ನಮ್ಮ ಮಿಕ್ಸಿಗೆ ಯಾವತ್ತೂ ಮೊದಲನೇದೇ," ಎಂದರು ಷಣ್ಮುಖಪ್ಪ, ಪೇಪರಿನ ಹಿಂದಿನಿಂದ.

ಜಗದಾಂಬಮ್ಮನವರಿಗೆ ಮೈಯೆಲ್ಲ ಉರಿಯಿತು. ಇದನ್ನು ಎರಡನೆಯದಕ್ಕೆ ದಾಟಿಸದೆ ಬಿಡುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದರು.

ಮುಂದಿನ ವಾರ ಮಿಕ್ಸಿ ಮತ್ತೆ ಕೆಟ್ಟಿತು. ಈ ಸಲ ತಾವೂ ಸ್ಕೂಟರ್ ಹತ್ತಿದರು. ಹೋಗುವಾಗಲೇ ಬೀಳಿಸಿಬಿಡಬಹುದಿತ್ತು, ಆದರೆ ಗಂಡ ಚೀಲವನ್ನು ತಮ್ಮ ಕಾಲಡಿ ಇಟ್ಟುಕೊಂಡಿದ್ದರು. ಜನ್ನಾಪುರದಲ್ಲಿ ಗಂಡಸರ ಮಾತು ಮುಗಿಯುವ ತನಕ ಜಗದಾಂಬಮ್ಮನವರು ಎದುರಿನ ಅಂಗಡಿಯಲ್ಲಿ ಬಳೆ ನೋಡುತ್ತಾ ನಿಂತರು. ವಾಪಸು ಹೊರಡುವಾಗ ಷಣ್ಮುಖಪ್ಪನವರು ಯಾಕೋ ಗೆಲುವಾಗಿದ್ದರು. ಬಾಯಿ ಕಟ್ಟಿದ ಚೀಲವನ್ನು ತಾವೇ ಹೆಂಡತಿಯ ಮಡಿಲಿಗಿಟ್ಟರು.

"ಗಟ್ಟಿಯಾಗಿ ಹಿಡ್ಕೋ. ಇನ್ನು ಕೆಡಲ್ಲ ಅಂದಿದಾನೆ ಪರಮೇಶ."

ಕೆಡುವುದೇನು ಬಂತು, ನೋಡ್ತಿರಿ ಎಂದುಕೊಂಡರು ಜಗದಾಂಬಮ್ಮ. ಮಲವಗೊಪ್ಪದ ಹಂಪ್ ಬಂತು. ಕೈ ಜಾರಿತು ಎಂದು ಹೇಳಿಕೊಳ್ಳಲು ಎಷ್ಟು ಬೇಕೋ ಅಷ್ಟೇ ಸಡಿಲ ಬಿಟ್ಟರು. ಚೀಲ ರಸ್ತೆಗೆ ಬಿತ್ತು, ಹಿಂದೆ ಬರುತ್ತಿದ್ದ ಜಲ್ಲಿ ಲಾರಿ ಉಳಿದ ಕೆಲಸ ಮುಗಿಸಿತು. ಇಷ್ಟು ಖುಷಿ ಅವರಿಗೆ ಮದುವೆಯ ದಿನವೂ ಆಗಿರಲಿಲ್ಲ.

"ಅಯ್ಯೋ, ಕೈ ಜಾರಿಬಿಡ್ತು ಕಣ್ರೀ," ಎಂದು ಮುಖ ಸಣ್ಣದು ಮಾಡಿದರು.

ಷಣ್ಮುಖಪ್ಪನವರು ಸ್ಕೂಟರ್ ನಿಲ್ಲಿಸಿ, ಹೋಗಿ ಚೀಲ ಬಿಚ್ಚಿದರು. ಒಳಗಿಂದ ಹೊರಬಂದ ಚೂರು ಕೆಂಪಗೆ ಹೊಳೆಯುತ್ತಿತ್ತು. ಜಗದಾಂಬಮ್ಮನವರ ಮಿಕ್ಸಿ ಕೆಂಪಲ್ಲ, ಬಿಳಿ. ಅದೂ ಹಳದಿಗೆ ತಿರುಗಿದ ಬಿಳಿ.

"ಹಳೇದು ರಿಪೇರಿ ಆಗುತ್ತೆ ಅಂತಲೇ ಅಂದ ಅವನು," ಎಂದರು ಷಣ್ಮುಖಪ್ಪ. "ನಾನೇ, ಸಾಕು ಬಿಡಪ್ಪ, ಹೊಸದು ಕೊಡು ಅಂದೆ. ನೀನು ಅಡುಗೆಮನೇಲಿ ಬಿಚ್ಚುವಾಗ ಮುಖ ನೋಡೋಣ ಅಂತ ಹೇಳಲಿಲ್ಲ."

ಜಗದಾಂಬಮ್ಮನವರಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಂಡನ ಮೇಲೆ ಎಂದೂ ಇಲ್ಲದ ಮಮತೆಯೂ ಹಾಳಾದ್ದು ಆಗಲೇ ಉಕ್ಕಿತು.

"ಇದಕ್ಕೆ ಯಾವ ಪದ, ಹೇಳು," ಎಂದರು ಷಣ್ಮುಖಪ್ಪ.

ಜಗದಾಂಬಮ್ಮ ಲಾರಿ ಹಾದುಹೋದ ಚೂರುಗಳನ್ನು ನೋಡಿದರು. ಬಾಯಿಗೆ ಬಂದ ಸರಿಯಾದ ಪದವನ್ನು ನುಂಗಿಕೊಂಡರು.

"ಎಸ್ತ್ರೋಪೆಯಾರ್," ಎಂದರು, ಕೇಳಿಸಿಯೂ ಕೇಳಿಸದ ಹಾಗೆ.

"ಹಂಗಾದ್ರೆ ಪರಮೇಶನೇ ನೋಡ್ಲಿ." ಷಣ್ಮುಖಪ್ಪನವರು ಚೂರುಗಳನ್ನೆಲ್ಲ ಚೀಲಕ್ಕೆ ತುಂಬಿ ಹೆಂಡತಿಯ ಕೈಗೆ ಕೊಟ್ಟು, ಸ್ಕೂಟರನ್ನು ಭದ್ರಾವತಿ ಕಡೆಗೆ ತಿರುಗಿಸಿದರು. "ಹೆಂಗೂ ಹಳೇದು ಅಲ್ಲೇ ಇದೆ. ಬರುವಾಗ ಅದನ್ನ ನನ್ನ ಕಾಲಡೀಲೇ ಇಟ್ಕೊತೀನಿ."