ತೀರಿಕೊಂಡವರ ದನಿ

ಕೆಮ್ಮಿದ್ದು ಅಪ್ಪನೋ ಅಪ್ಪನ ಪಕ್ಕದವರೋ, ಬ್ಯಾಡಗಿಯಲ್ಲಿ ಸುಗ್ಗಿಯ ಹೊತ್ತಿಗೆ ಅದನ್ನು ಹೇಳುವುದು ಕಷ್ಟ, ಪೇಟೆಯ ಮೆಣಸಿನಕಾಯಿ ಘಾಟು ಸಭಾಭವನದ ಕಿಟಕಿ ದಾಟಿ ಬಂದು ಎಲ್ಲರ ಗಂಟಲಿಗೂ ಕೈಹಾಕಿದೆ, ವೇದಿಕೆಯ ಗಣ್ಯರು ಕೆಮ್ಮುತ್ತಾರೆ, ಹೆಂಗಸರ ಸಾಲು ಸೆರಗನ್ನು ಮೂಗಿಗೊತ್ತಿಕೊಂಡು ಕೆಮ್ಮುತ್ತದೆ, ಇಷ್ಟು ಕೆಮ್ಮಿನ ನಡುವೆ ಅಪ್ಪನದೊಂದು ಬೇರೆ, ಒಳಗೆ ಯಾರೋ ತಗಡು ಎಳೆದ ಹಾಗೆ, ಅದು ಪುಷ್ಪಲತಾಗೆ ಮಾತ್ರ ಗೊತ್ತು — ರಾಣೆಬೆನ್ನೂರಿನಿಂದ ಬರುವಾಗ ಮೋಟೆಬೆನ್ನೂರು ದಾಟುತ್ತಲೇ ಇಡೀ ಬಸ್ಸು ಕೆಮ್ಮತೊಡಗಿತ್ತು, ಅಪ್ಪ ನಕ್ಕು, ಚಲೋ ಆತು ನೋಡವಾ, ಈ ಊರಾಗ ಯಾಕ ಕೆಮ್ಮಾಕತ್ತಿ ಅಂತ ಯಾರೂ ಕೇಳಂಗಿಲ್ಲ, ಅಂದಿದ್ದ, ಅವಳೂ ನಕ್ಕಿದ್ದಳು, ನಗು ಅರ್ಧಕ್ಕೇ ನಿಂತಿತ್ತು. ಈಗ ವೇದಿಕೆಯ ಹಿಂದೆ ಫ್ಲೆಕ್ಸು, ಮೇಲೆ ಶ್ರದ್ಧಾಂಜಲಿ ಎಂದು ಬರೆದಿದೆ, ಕೆಳಗೆ ಈ ಚಳಿಗಾಲದಲ್ಲಿ ಹೋದ ಮೂವರು, ಗುತ್ತಲದ ಹಾಸ್ಯನಟ ಅಂದಾನೆಪ್ಪ, ನಾಟಕ ಕಂಪನಿಯ ರಾಣಿಪಾರ್ಟಿನ ಗೋದೂಬಾಯಿ, ರೇಡಿಯೊದಲ್ಲಿ ದಿನಾ ಪೇಟೆ ಧಾರಣೆ ಓದುತ್ತಿದ್ದ ವಿಜಯೇಂದ್ರ, ಸತ್ತವರಿಗಿಂತ ಸಂತಾಪ ಸೂಚಿಸುವ ಪುಢಾರಿಗಳ ಮುಖಗಳೇ ದೊಡ್ಡವು, ಗೋದೂಬಾಯಿಯ ಬಲಕ್ಕೆ ಒಂದು ಮುಖ ಹಿಡಿಸುವಷ್ಟು ನೀಲಿ ಖಾಲಿ ಉಳಿದಿದೆ, ಅದರ ಕಡೆ ನೋಡಬಾರದು, ನೋಡಿದರೆ ಅಲ್ಲಿ ಯಾರನ್ನಾದರೂ ಕೂಡಿಸಬೇಕಾಗುತ್ತದೆ. ಅದರ ಮುಂದೆಯೇ ಅಪ್ಪನ ಕುರ್ಚಿ. ಮಿಮಿಕ್ರಿ ಪರಮೇಶಪ್ಪ ಇಲ್ಲದೆ ಈ ಕಡೆ ದೊಡ್ಡವರ ಶ್ರದ್ಧಾಂಜಲಿ ಸಭೆ ನಡೆಯುವುದಿಲ್ಲ, ಸಂಘದ ಕೊಟ್ರೇಶ ಮನೆಗೇ ಬಂದಿದ್ದ, ಪರಮೇಶಣ್ಣ, ಭಾಷಣ ಯಾರು ಕೇಳ್ತಾರ, ನೀ ಬಂದು ಮೂರೂ ಮಂದಿನ್ನ ಒಮ್ಮೆ ಎಬ್ಬಿಸಿ ಹೋಗು, ಅಂದಿದ್ದ, ಅಡುಗೆಮನೆಯಿಂದಲೇ ಅವಳು, ಅಪ್ಪಗ ಗಂಟಲ ಸರಿ ಇಲ್ರಿ, ಎಂದದ್ದಕ್ಕೆ, ಇನ್ನೂ ಚಲೋ ಆತಲ್ಲ, ಅಂದಾನೆಪ್ಪಂದೂ ಹಂಗಽ ಇತ್ತು, ಎಂದು ಅವನ ನಗು, ಅಪ್ಪನ ನಗು, ಸ್ಟೋವಿನ ಮೇಲೆ ಚಹಾ ಉಕ್ಕಿತ್ತು.

ಹುಬ್ಬಳ್ಳಿಯ ಡಾಕ್ಟರು ಅಪ್ಪನನ್ನು ಹೊರಗಿನ ಬಾಕಿನ ಮೇಲೆ ಕೂಡಿಸಿ ಅವಳನ್ನೊಬ್ಬಳನ್ನೇ ಒಳಗೆ ಕರೆದಿದ್ದರು, ಗಂಟಲಲ್ಲಿ ಬೆಳೆದದ್ದು ಕೆಟ್ಟ ಗಡ್ಡೆ, ಬರುವ ಸೋಮವಾರ ಆಪರೇಶನ್, ಆಮೇಲೆ ಉಸಿರಾಟ ಕುತ್ತಿಗೆಯ ತೂತಿನಿಂದ, ದನಿ ಎಂಬುದು ಇರುವುದಿಲ್ಲ — ಹೊರಗೆ ಬಂದು, ಏನಿಲ್ಲಪಾ, ಬಾವು ಬಂದೈತಂತ, ಸಣ್ಣ ಆಪರೇಶನ್ ಅಂತ, ಎಂದಿದ್ದಳು, ಕಂಡಕ್ಟರನಿಂದ ಉಳಿದ ಚಿಲ್ಲರೆ ಕೇಳಲು ಬಾಯಿ ಬಾರದ ಹುಡುಗಿಗೆ ಸುಳ್ಳು ಎಷ್ಟು ಸರಾಗ ಬಂತು, ಆಮ್ಯಾಲೆ ದನಿ ಚಲೋ ಆಗತೈತಿ ಹೌದಿಲ್ಲೋ, ಅಂದ ಅಪ್ಪ, ಹ್ಞೂಂ ಅಂದಳು, ಅವನು ಮತ್ತೇನೂ ಕೇಳಲಿಲ್ಲ. ಹೇಳಬೇಕು, ಬಸ್ಸಿನಲ್ಲೇ ಹೇಳಬೇಕಿತ್ತು, ಹೇಳಿದ್ದರೆ ಉಳಿದಿರುವ ಈ ನಾಕು ದಿನದ ದನಿಯನ್ನು ಎಲ್ಲಿ ಇಡಬೇಕೆಂದು ಅವನೇ ನೋಡಿಕೊಳ್ಳುತ್ತಿದ್ದ, ಹೀಗೆ ಸತ್ತವರ ಬಾಯಿಗೆ ಸುರಿದುಬಿಡುತ್ತಿರಲಿಲ್ಲ, ಈಗಲಾದರೂ ಎದ್ದು ಹೋಗಿ ಕಿವಿಯಲ್ಲಿ ಹೇಳಲೇ, ಇಷ್ಟು ಮಂದಿಯ ನಡುವೆ ನಡೆದು ಹೋಗುವುದು ಹೇಗೆ. ಅಪ್ಪನ ಸ್ವಂತ ದನಿ ಹೇಗಿದೆ ಎಂದು ಕೇಳಿದರೆ ಅವಳಿಗೆ ಹೇಳಲು ಬರುವುದಿಲ್ಲ, ಊಟಕ್ಕೆ ಕರೆಯುವುದು ಅಂದಾನೆಪ್ಪನ ದನಿಯಲ್ಲಿ, ಜ್ವರ ಬಂದರೆ ಗೋದೂಬಾಯಿಯಾಗಿ ಹಣೆ ಮುಟ್ಟುತ್ತಿದ್ದ, ಬಿ.ಎ. ಫಲಿತಾಂಶವನ್ನು ಓಣಿಗೆಲ್ಲ ಕೇಳುವಂತೆ ವಿಜಯೇಂದ್ರರ ದನಿಯಲ್ಲಿ, ಪುಷ್ಪಲತಾ, ಕನಿಷ್ಠ ಐವತ್ತೆರಡು, ಗರಿಷ್ಠ ಅರವತ್ತೆಂಟು, ಮಾದರಿ ಅರವತ್ತು, ಎಂದು ಪೇಟೆ ಧಾರಣೆಯ ಹಾಗೆ ಓದಿದ್ದ, ಅವ್ವ ತೀರಿದ ದಿನವೊಂದೇ ಯಾರ ದನಿಯೂ ಇರಲಿಲ್ಲ, ಆ ದಿನ ಅವನು ಮಾತೇ ಆಡಲಿಲ್ಲ — ಮೈಕಿನ ಮಹಮ್ಮದಗೌಸ ಈಗ ಟಕ್ ಟಕ್ ಎಂದು ಬಡಿದು ನೋಡಿ ಅಪ್ಪನ ಕೈಗೆ ಕೊಡುತ್ತಾನೆ, ಅಪ್ಪ ಎದ್ದಿದ್ದಾನೆ, ತಡವಾಯಿತು. ಅಂದಾನೆಪ್ಪ ಬಂದ, ಸಭೆ ಹೊಟ್ಟೆ ಹಿಡಿದು ನಕ್ಕಿತು, ಗೋದೂಬಾಯಿ ಬಂದಳು, ಪಕ್ಕದ ಮಂಗಳವ್ವ ಮೊಣಕೈಯಿಂದ ತಿವಿದು, ಅಯ್ಯ ಶಿವನ, ಖರೇನಽ ಬಂದು ನಿಂತಾಳ ನೋಡು, ನಿಮ್ಮಪ್ಪಗ ಮೀಸಿ ಐತಿ ಅನ್ನೂದಽ ಮರತ್ಹೋತು, ಎಂದು ಕಣ್ಣೊರೆಸಿಕೊಂಡಳು, ವಿಜಯೇಂದ್ರರು ಬಂದು ಧಾರಣೆ ಓದಿದರು, ಹಿಂದೆ ಕೂತ ದಲಾಲರೊಬ್ಬರ ಕೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಯಿತು, ಒಬ್ಬೊಬ್ಬರು ಬಂದು ಹೋದಂತೆ ಅಪ್ಪನ ದನಿ ಸವೆಯುತ್ತಿದೆ, ನೀರು ಕುಡಿಯುತ್ತಾನೆ, ನುಂಗಲು ಹೊತ್ತು ಹಿಡಿಯುತ್ತದೆ, ಸಾಕು ಕುಂದ್ರಪಾ, ಯಾರಾದರೂ ಕುಂದ್ರಸ್ರಿ ಅವನ್ನ, ಆದರೆ ಮಂದಿ, ಇನ್ನೊಬ್ಬರ್ದು, ಇನ್ನೊಬ್ಬರ್ದು ಆಗ್ಲಿರಿ, ಎನ್ನುತ್ತದೆ.

ಆತು, ಇನ್ನೊಬ್ಬರು ಬರ್ತಾರ, ಇವರನ್ನ ನೀವು ಯಾರೂ ಕೇಳಿಲ್ಲ, ನಮ್ಮನ್ಯಾಗ ಒಬ್ಬಾಕಿ ಕೇಳ್ಯಾಳ, ಎಂದ ಅಪ್ಪ, ಮಂದಿ ಮೊದಲೇ ನಗಲು ತಯಾರಾಗಿ ಕೂತಿತು, ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ, ಮೂಗಿನಲ್ಲೊಮ್ಮೆ ಉಸಿರೆಳೆದ, ಬಂದ ದನಿ ಮೆತ್ತಗಿತ್ತು, ಓದಿದವರ ದನಿ, ನೋಡವಾ ತಂಗಿ, ದನಿಪೆಟ್ಟಿಗಿ ಪೂರ್ತಿ ತಗೀಬೇಕು, ಜೀವ ಉಳೀತದ, ದನಿ ಉಳಿಯಂಗಿಲ್ಲ, ನಿಮ್ಮ ತಂದಿಗೆ ನಾ ಹೇಳಲೋ, ನೀ ಹೇಳ್ತೀಯೋ. ಹುಬ್ಬಳ್ಳಿಯ ಡಾಕ್ಟರ ಬಾಗಿಲಿಗೆ ಬರೀ ಪರದೆ ಇತ್ತಲ್ಲ, ಹಸಿರು ಪರದೆ, ಅದಕ್ಕೆ ಆತುಕೊಂಡೇ ಆ ಬಾಕು, ಬಾಳೆಲ್ಲ ಇನ್ನೊಬ್ಬರ ಮಾತಿಗೆ ಕಿವಿಗೊಟ್ಟೇ ಅನ್ನ ತಿಂದ ಮನುಷ್ಯನನ್ನು ಅಲ್ಲಿ ಕೂಡಿಸಿ ಅವಳು ಒಳಗೆ ಹೋಗಿದ್ದಳು, ಹಾಗಾದರೆ ಬಾವು ಎಂದಾಗ, ಹ್ಞೂಂ ಎಂದಾಗ, ಬಸ್ಸಿನಲ್ಲಿ ನಕ್ಕಾಗ — ಎಲ್ಲೋ ಒಂದು ಚಪ್ಪಾಳೆ ಶುರುವಾಗಿ ನಾಚಿಕೊಂಡು ನಿಂತಿತು, ಇದ್ಯಾರ ದನೀನಽ ತಂಗಿ, ಡಾಕ್ಟರಂದನ, ಇವರು ಯಾವಾಗ ತೀರಿಕೊಂಡ್ರು, ಎಂದು ಮಂಗಳವ್ವ ಕೇಳುತ್ತಾಳೆ, ಅಪ್ಪ ಕುರ್ಚಿಗೆ ಹೋಗಲಿಲ್ಲ, ವೇದಿಕೆಯ ಅಂಚಿಗೆ ಬಂದು ವಾಯರು ಬಿಗಿಯುವವರೆಗೂ ಕೈಚಾಚಿ ಮೈಕನ್ನು ಹೆಂಗಸರ ಸಾಲಿನತ್ತ ಹಿಡಿದ, ಅವಳತ್ತ, ಬೈಯುವ ಮುಖವಲ್ಲ, ಕಾಯುವ ಮುಖ, ತಲೆಗಳು ಒಂದೊಂದಾಗಿ ತಿರುಗುತ್ತಿವೆ, ಅವಳು ಎದ್ದು ನಿಂತಿದ್ದಾಳೆಯೇ, ನಿಂತಿದ್ದಾಳೆ, ಬಾಯಿ ತೆರೆದಿದೆ, ಸಭೆ ಕೆಮ್ಮುವುದನ್ನೂ ಮರೆತಿದೆ, ಚಾಚಿದ ಕೈ ಇಳಿಯುತ್ತಿಲ್ಲ, ಬಿಗಿದ ವಾಯರು, ಮೈಕು, ಅವಳತ್ತ ಮೈಕು, ಇನ್ನೂ ಅವಳತ್ತ