ತೊಳೆದ ಪಂಜರಗಳು

ಮೊದಲು ಆಯುಧಪೂಜೆ, ವಿಜಯದಶಮಿಯ ಮರುದಿನ ಪ್ರಯೋಗ, ಆ ತಿಂಗಳಲ್ಲೇ ಲೇಖನದಿಂದ ನನ್ನ ಹೆಸರು ಹೋಯಿತು, ಕಾರ್ತಿಕದಲ್ಲಿ ವಿಚಾರ ಸಂಕಿರಣ. ಈ ಕ್ರಮ ಮುಖ್ಯ.

ರಕ್ತದೊತ್ತಡ ಇಳಿಸುವ ಒಂದು ಔಷಧ ಗಂಡು ಇಲಿಗಳ ಜಗಳಗಂಟತನವನ್ನೂ ಇಳಿಸುತ್ತದೆಯೇ ಎಂದು ಬಸವನಗುಡಿಯ ನಮ್ಮ ಪ್ರಯೋಗಾಲಯದಲ್ಲಿ ಎರಡು ವರ್ಷದಿಂದ ಪರೀಕ್ಷಿಸುತ್ತಿದ್ದವಳು ನಾನು. ಪರೀಕ್ಷೆಗೆ ಮುಂಚೆ ಇಲಿಯನ್ನು ಒಂದು ವಾರ ಅದರ ಪಂಜರದಲ್ಲೇ ಬಿಡಬೇಕು. ಕೆಳಗೆ ಹಾಸಿದ ಹೊಟ್ಟನ್ನು ಬದಲಿಸಬಾರದು. ತನ್ನ ವಾಸನೆ ಹರಡಿದ ಜಾಗವನ್ನಷ್ಟೇ ಅದು ತನ್ನದೆಂದು ಬಗೆದು, ಒಳಗೆ ಬಿಟ್ಟ ಅಪರಿಚಿತ ಇಲಿಯ ಮೇಲೆ ಎರಗುತ್ತದೆ.

ಹಬ್ಬದ ದಿನ ನಮ್ಮ ಮಾರ್ಗದರ್ಶಕ ಡಾ. ನಂದಕುಮಾರ್ ಗಾಂಧಿ ಬಜಾರಿನಿಂದ ಸೇವಂತಿಗೆ ತರಿಸಿದರು. ಸೂಕ್ಷ್ಮದರ್ಶಕ, ತಕ್ಕಡಿಗಳಿಗೆ ಕುಂಕುಮ ಇಟ್ಟರು. ಪಂಜರಗಳನ್ನೂ ತೊಳೆಸಿ ಹೊಸ ಹೊಟ್ಟು ಹಾಸಿಸಿದರು.

“ಸರ್, ಇನ್ನೊಂದು ವಾರ ಪರೀಕ್ಷೆ ಮಾಡೋ ಹಾಗಿಲ್ಲ,” ಎಂದೆ.

“ಹಬ್ಬದ ದಿನ ಅಡ್ಡಮಾತು ಬೇಡಮ್ಮ. ಗಲೀಜು ಪಂಜರಕ್ಕೆ ಪೂಜೆ ಮಾಡ್ಲಾ?”

ಅವರು ಕಾಯಲಿಲ್ಲ; ಎರಡೇ ದಿನಕ್ಕೆ ಪ್ರಯೋಗ ಮಾಡಿದರು. ಔಷಧ ಪಡೆದ ಒಂದು ಇಲಿಯೂ ಎರಗಲಿಲ್ಲ. ಅದನ್ನು ಹಬ್ಬಕ್ಕೆ ಮುಂಚೆ ಔಷಧವಿಲ್ಲದೆ ಕಾದಾಡಿದ್ದ ಇಲಿಗಳ ನನ್ನ ಫಲಿತಾಂಶಗಳೊಡನೆ ಹೋಲಿಸಿ, ಔಷಧ ಗೆದ್ದಿತೆಂದು ಬರೆದರು. ಔಷಧ ಪಡೆಯದ ಇಲಿಗಳನ್ನು ಜೊತೆಗೆ ಪರೀಕ್ಷಿಸಲೇ ಇಲ್ಲ. ಲೇಖನದಲ್ಲಿದ್ದದ್ದು ಅವರೊಬ್ಬರ ಹೆಸರು.

“ನೀನೇ ಬೇಡ ಅಂದಿದ್ದ ಪ್ರಯೋಗ ತಾನೆ? ಈಗ ಹೆಸರು ಯಾಕಮ್ಮ?” ಎಂದು ನಕ್ಕರು.

ಆ ನಗುವನ್ನು ನಾನು ಕ್ಷಮಿಸಲಿಲ್ಲ. ತಪ್ಪನ್ನು ಆಗಲೇ ಮತ್ತೊಮ್ಮೆ ತೋರಿಸಬಹುದಿತ್ತು; ಆದರೆ ನನಗೆ ತುಂಬಿದ ಸಭೆ ಬೇಕಿತ್ತು. ಅವರು ಬಿಟ್ಟಿದ್ದ ಅರ್ಧ ಪ್ರಯೋಗವನ್ನು ಸದ್ದಿಲ್ಲದೆ ಮಾಡಿ ಮುಗಿಸಿದೆ. ಸಹೋದ್ಯೋಗಿ ಗೋಕುಲ್‌ಗೆ ಮಾತ್ರ ಗೊತ್ತಿತ್ತು.

“ಮೊದಲೇ ಹೇಳ್ಬಿಡೇ. ಪಾಪ, ಎಲ್ಲರ ಮುಂದೆ ಮರ್ಯಾದೆ ಹೋಗತ್ತೆ.”

“ಹೋಗ್ಲಿ ಅಂತಾನೇ ಕಾಯ್ತಿದೀನಿ.”

“ಇಲಿಗಳಿಗಲ್ಲ ಕಣೇ, ಆ ಔಷಧ ನಿಂಗೆ ಕೊಡ್ಬೇಕಿತ್ತು!”

ಸಂಕಿರಣದಲ್ಲಿ ನಂದಕುಮಾರ್ ಲೇಖನ ಮಂಡಿಸಿದರು. ಚಪ್ಪಾಳೆ ಮುಗಿಯಲು ಬಿಟ್ಟು ಎದ್ದು ನಿಂತೆ.

“ಸರ್, ಪರೀಕ್ಷೆಗೆ ಮುಂಚೆ ಪಂಜರಗಳನ್ನ ಯಾವತ್ತು ತೊಳೆಸಿದ್ರಿ?”

“ಆಯುಧಪೂಜೆ ದಿನ. ನೀನೂ ಇದ್ದೆಯಲ್ಲ, ರಮ್ಯಶ್ರೀ.”

ಮುಂದಿನ ಸಾಲಿನ ಹಿರಿಯ ಪ್ರಾಧ್ಯಾಪಕರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಅವರ ಮುಖ ಕಂಡ ಮೇಲಷ್ಟೇ ನಂದಕುಮಾರ್ ಅವರಿಗೆ ತಾವು ಹೇಳಿದ್ದೇನೆಂದು ಹೊಳೆಯಿತು.

“ಕೂತ್ಕೊಳಮ್ಮ, ಆಮೇಲೆ ಮಾತಾಡೋಣ,” ಎಂದರು. ಧ್ವನಿ ಕುಗ್ಗಿತ್ತು.

ನಾನು ಕೂರಲಿಲ್ಲ. ನನ್ನ ಫಲಿತಾಂಶವನ್ನು ಕೊನೆಯ ಸಾಲಿಗೂ ಕೇಳುವಂತೆ ಹೇಳಿದೆ: ತೊಳೆದ ಪಂಜರದಲ್ಲಿ ಔಷಧ ಪಡೆಯದ ಇಲಿಗಳೂ ಕಾದಾಡಲಿಲ್ಲ, ತೊಳೆಯದ ಪಂಜರದಲ್ಲಿ ಔಷಧ ಪಡೆದ ಇಲಿಗಳು ಮೊದಲಿನಷ್ಟೇ ಕಾದಾಡಿದವು.